ಶಾಲೆಯ ಕೆಲಸ ಬಿಟ್ಟು ಇಂಗ್ಲೆಂಡಿನಲ್ಲಿ ಚೈಲ್ಡ್‌ಮೈಂಡರ್ ಆಗುವ ಬಗ್ಗೆ

ಪ್ರಶ್ನೆ (ರೀಡಿಂಗ್ ಊರಿನಿಂದ):
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಎರಡು ವರ್ಷದ ಮಗಳನ್ನು ನರ್ಸರಿಗೆ ಬಿಟ್ಟು ಓಡುವ ಬದಲು, ಅವಳ ಜೊತೆಗೆ ಅದೇ ವಯಸ್ಸಿನ ಇನ್ನೂ ಮೂವರನ್ನು ಶುಲ್ಕ ಪಡೆದು ಮನೆಯಲ್ಲೇ ನೋಡಿಕೊಳ್ಳುವ ಚೈಲ್ಡ್‌ಮೈಂಡರ್ ಆಗೋಣವೆಂದು ಯೋಚಿಸುತ್ತಿದ್ದೇನೆ. ಶಿಕ್ಷಕಿಯ ಅರ್ಹತೆ ಇರುವುದರಿಂದ ಆಫ್‌ಸ್ಟೆಡ್ (ಶಾಲೆ ಮತ್ತು ಮಕ್ಕಳ ಆರೈಕೆಯನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ) ನೋಂದಣಿ ಸುಲಭವಾಗುತ್ತದೆಯೇ? ಪ್ರತಿ ಬೇಸಿಗೆಯಲ್ಲೂ ಮೈಸೂರಿನಿಂದ ಅತ್ತೆ-ಮಾವ ಬಂದು ತಿಂಗಳುಗಟ್ಟಲೆ ಇರುತ್ತಾರೆ; ಅದರಿಂದ ತೊಡಕಾದೀತೇ? ಮಕ್ಕಳ ಜೊತೆ ಕನ್ನಡ ಮಾತನಾಡಬಹುದೇ?

ಉತ್ತರ (ಸ್ಲೌ):
ಮೇಡಂ, ನೋಂದಣಿಯ ಮಟ್ಟಿಗೆ ನಿಮ್ಮ ಅರ್ಹತೆಯಿಂದ ಹೆಚ್ಚು ರಿಯಾಯಿತಿ ಸಿಗುವುದಿಲ್ಲ. ಶಾಲೆಯಲ್ಲಿ ಮಾಡಿಸಿದ ಡಿ.ಬಿ.ಎಸ್. (ಅಪರಾಧ ಹಿನ್ನೆಲೆಯ) ಪರಿಶೀಲನೆ ಸಾಲದು, ಮನೆಯಲ್ಲಿ ನಡೆಸುವ ಕೆಲಸಕ್ಕೆಂದೇ ಬೇರೆ ಮಾಡಿಸಬೇಕು. ಮನೆಯಲ್ಲಿ ವಾಸಿಸುವ 16 ವರ್ಷ ತುಂಬಿದ ಎಲ್ಲರಿಗೂ ಅದು ಅನ್ವಯಿಸುತ್ತದೆ. ಅತ್ತೆ-ಮಾವ ಅಷ್ಟು ದಿನ ಉಳಿಯುವುದಾದರೆ, ಅವರನ್ನು ಮನೆವಾಸಿಗಳೆಂದು ಪರಿಗಣಿಸುತ್ತಾರೆಯೇ ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ಆಫ್‌ಸ್ಟೆಡ್‌ಗೆ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಪುಟ್ಟ ಮಕ್ಕಳ ಪ್ರಥಮ ಚಿಕಿತ್ಸೆಯ 12 ಗಂಟೆಗಳ ತರಬೇತಿ ಕಡ್ಡಾಯ. ಅದನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನೂ ಪಡೆಯಿರಿ.

ಉತ್ತರ (ಮಿಲ್ಟನ್ ಕೀನ್ಸ್):
ನಾನೂ ಶಾಲೆ ಬಿಟ್ಟು ಬಂದವಳು. ನಿಮ್ಮ ಲೆಕ್ಕದಲ್ಲಿ ಒಂದು ತೊಂದರೆ ಇದೆ, ಉಳಿದ ಎಲ್ಲಕ್ಕಿಂತ ಅದನ್ನೇ ಮೊದಲು ಯೋಚಿಸಿ. ಒಬ್ಬ ಚೈಲ್ಡ್‌ಮೈಂಡರ್ ಏಕಕಾಲದಲ್ಲಿ ಎಂಟು ವರ್ಷದೊಳಗಿನ 6 ಮಕ್ಕಳನ್ನು ನೋಡಿಕೊಳ್ಳಬಹುದಾದರೂ, ಅವರಲ್ಲಿ ಐದು ವರ್ಷದೊಳಗಿನವರು ಸಾಮಾನ್ಯವಾಗಿ 3ಕ್ಕಿಂತ ಹೆಚ್ಚಿರುವಂತಿಲ್ಲ, ಮತ್ತು ಆ ಮೂವರಲ್ಲಿ ನಿಮ್ಮ ಮಗಳೂ ಒಬ್ಬಳು. ಒಡಹುಟ್ಟಿದವರಿದ್ದಾಗ ಸ್ವಲ್ಪ ಸಡಿಲಿಕೆ ಉಂಟು, ಆದರೆ ಅದನ್ನು ನಂಬಿ ಯೋಜನೆ ಹಾಕಬಾರದು. ಅಂದರೆ ಹಗಲಿಡೀ ಶುಲ್ಕ ಕೊಡುವ ಪುಟ್ಟ ಮಕ್ಕಳು ಇಬ್ಬರೇ. ಸೆಪ್ಟೆಂಬರ್ 2025ರಿಂದ ದುಡಿಯುವ ತಂದೆತಾಯಿಯರ 9 ತಿಂಗಳು ದಾಟಿದ ಮಕ್ಕಳಿಗೆ ಶಾಲೆ ನಡೆಯುವ ವಾರಗಳಲ್ಲಿ ವಾರಕ್ಕೆ 30 ಗಂಟೆಗಳ ಆರೈಕೆಗೆ ಸರ್ಕಾರಿ ನೆರವು ಸಿಗುತ್ತಿದ್ದರೂ, ಸ್ವಂತ ಮಗುವಿನ ಹೆಸರಿನಲ್ಲಿ ನೀವು ಅದನ್ನು ಪಡೆಯುವಂತಿಲ್ಲ. ಹೀಗಾಗಿ ಶಾಲೆ ಬಿಟ್ಟ ಮೇಲೆ ಬರುವ ಐದರಿಂದ ಏಳು ವರ್ಷದ ಮಕ್ಕಳನ್ನು ಸೇರಿಸಿಕೊಳ್ಳದೆ ಮೊದಲ ವರ್ಷ ಮನೆ ನಡೆಯುವುದು ಕಷ್ಟ. ಶಿಕ್ಷಕರ ಪಿಂಚಣಿಗೆ ಶಾಲೆ ಕಟ್ಟುತ್ತಿದ್ದ ಪಾಲೂ ನಿಂತುಹೋಗುತ್ತದೆ. ಸಂಬಳದ ಚೀಟಿಯಲ್ಲಿ ಎದ್ದು ಕಾಣದ ಈ ನಷ್ಟವನ್ನು ಬಹಳ ಜನ ಮರೆಯುತ್ತಾರೆ. ಆಗಸ್ಟ್ ಕೊನೆಗೆ ಬಿಡುವುದಾದರೆ ಸಾಮಾನ್ಯವಾಗಿ ಮೇ 31ರೊಳಗೆ ರಾಜೀನಾಮೆ ಕೊಡಬೇಕಾಗುತ್ತದೆ, ಆದರೆ ಆ ಹೊತ್ತಿಗೆ ನೋಂದಣಿ ಮುಗಿದಿರುತ್ತದೆಂಬ ಭರವಸೆ ಇಲ್ಲದ ಕಾರಣ ಅರ್ಜಿಯನ್ನು ಕೆಲಸದಲ್ಲಿರುವಾಗಲೇ ಹಾಕಿ.

ಪ್ರಶ್ನೆ ಕೇಳಿದವರು:
ಮಗಳೂ ಲೆಕ್ಕಕ್ಕೆ ಬರುತ್ತಾಳೆಂದು ತಿಳಿದಿರಲಿಲ್ಲ. ಇಬ್ಬರ ಶುಲ್ಕದಲ್ಲಿ ಮನೆಸಾಲದ ಕಂತು ಕಟ್ಟಲಾಗುವುದೇ ಎಂದು ಯಜಮಾನರೊಡನೆ ಕೂತು ನೋಡುತ್ತೇನೆ. ಭಾಷೆಯ ಬಗ್ಗೆ ಯಾರಾದರೂ ಹೇಳುವಿರಾ?

ಉತ್ತರ (ಲೆಸ್ಟರ್):
ಕನ್ನಡಕ್ಕೆ ಅಡ್ಡಿಯಿಲ್ಲ. ಐದು ವರ್ಷದವರೆಗಿನ ಮಕ್ಕಳಿಗಾಗಿ ಇರುವ ಇ.ವೈ.ಎಫ್.ಎಸ್. ಎಂಬ ಕಲಿಕೆ ಮತ್ತು ಆರೈಕೆಯ ಸರ್ಕಾರಿ ಚೌಕಟ್ಟು, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಆಟದಲ್ಲೂ ಕಲಿಕೆಯಲ್ಲೂ ಆ ಭಾಷೆಯನ್ನು ಬಳಸುವ ಅವಕಾಶ ಇರಬೇಕೆನ್ನುತ್ತದೆ. ಅದರ ಜೊತೆಗೇ ಇಂಗ್ಲಿಷ್ ಕಲಿಯಲು ಸಾಕಷ್ಟು ಅವಕಾಶವನ್ನೂ ಕಡ್ಡಾಯ ಮಾಡುತ್ತದೆ. ಕನ್ನಡ ಮನೆಯ ಮಗು ಬಂದರೆ ಧಾರಾಳವಾಗಿ ಮಾತನಾಡಿ, ಉಳಿದವರು ಹೊರಗುಳಿಯದಂತೆ ನೋಡಿಕೊಳ್ಳಿ. ಶಿಕ್ಷಕಿಯಾಗಿದ್ದವರಿಗೆ ಇನ್ನೊಂದು ಮಾತು: ಬೈಠಕ್‌ಖಾನೆಯನ್ನು ತರಗತಿಯಂತೆ ಚಾರ್ಟುಗಳಿಂದ ತುಂಬಬೇಡಿ. ಎರಡು ವರ್ಷದ ಮಗು ಬಟಾಣಿ ಸುಲಿಯುತ್ತಲೋ, ಒಗೆದ ಕಾಲುಚೀಲಗಳನ್ನು ಜೋಡಿಸುತ್ತಲೋ ಎಣಿಕೆ ಕಲಿಯುತ್ತದೆ. ಎರಡರಿಂದ ಮೂರು ವರ್ಷದ ನಡುವೆ ಪ್ರತಿ ಮಗುವಿನ ಬೆಳವಣಿಗೆಯ ಬಗ್ಗೆ ಪೋಷಕರಿಗೆ ಒಂದು ಸಣ್ಣ ವರದಿ ಬರೆದುಕೊಡಬೇಕು. ಅಲ್ಲಿ ಮಾತ್ರ ನಿಮ್ಮ ಶಾಲೆಯ ಅನುಭವ ನೇರವಾಗಿ ಕೈಹಿಡಿಯುತ್ತದೆ.