ಆ್ಯಂಪ್ ಸತ್ತಿದೆ ಅಂತಾರೆ, ಆದರೆ ಬಾಗಿಲ ಸ್ಪೀಕರ್ ಹಾಡುತ್ತಿವೆ. ಏನಿದು?

ಚಿಂಚವಡದ ಗದಗಿನವ:

ಎಲ್ಲರಿಗೂ ನಮಸ್ಕಾರ. ಊರು ಗದಗ, ಹೊಟ್ಟೆಪಾಡು ಪುಣೆಯ ಚಿಂಚವಡದಲ್ಲಿ. ಕಾರಿನ ಬಗ್ಗೆ ನನಗೆ ಗೊತ್ತಿರುವುದು ಪೆಟ್ರೋಲ್ ಹಾಕಿಸುವುದು, ಗಾಳಿ ಹೊಡೆಸುವುದು ಅಷ್ಟೇ. ಹಾಗಾಗಿ ಪ್ರಶ್ನೆ ಪೆದ್ದುಪೆದ್ದಾಗಿದ್ದರೆ ಬೈಯಬೇಡಿ.

ಎರಡು ವರ್ಷದ ಹಿಂದೆ 2012ರ ಒಂದು ಸೆಡಾನ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಕಂಪನಿ ಹೆಸರು ಬೇಡ, ಕಾರಿನದೇನೂ ತಪ್ಪಿಲ್ಲ. ಅದರಲ್ಲಿ ಕಂಪನಿಯವರೇ ಕೂರಿಸಿದ ಆ್ಯಂಪ್, ಅಂದರೆ ಹಾಡಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್ ಇದೆ. ಡಿಕ್ಕಿಯ ಎಡಗಡೆ ಮುಚ್ಚಳದ ಹಿಂದೆ. ಹಿಂದಿನ ಗಾಜಿನ ಕೆಳಗೆ ಒಂದು ಸಬ್‌ವೂಫರ್, ಬಾಸ್ ಅಂದರೆ ತಗ್ಗಿನ ದನಿ ನುಡಿಸುವ ಸ್ಪೀಕರ್. ನಿಜ ಹೇಳಬೇಕೆಂದರೆ ಈ ಕಾರು ತಗೊಳ್ಳಲು ಅರ್ಧ ಕಾರಣ ಆ ಸಬ್. ಭೀಮಸೇನ ಜೋಶಿಯವರು ನಮ್ಮ ಗದಗ ಕಡೆಯವರು, ಬಾಳಿದ್ದು ಪುಣೆಯಲ್ಲಿ. ಊರಿಗೆ ಹೋಗುವಾಗ ಅವರ ಅಭಂಗ ಹಚ್ಚಿಕೊಂಡು ಪುಣೆ-ಸಾತಾರಾ ದಾರಿಯ ಖಂಬಾಟಕಿ ಘಾಟ್ ಹತ್ತಿದರೆ ತಬಲಾದ ಡಗ್ಗಾ ಬೆನ್ನಿಗೆ ಬಂದು ತಟ್ಟುತ್ತಿತ್ತು.

ಕಾರಿನ ಹಳೇ ಮ್ಯೂಸಿಕ್ ಸೆಟ್ ಸಿಡಿ ಓದುವುದನ್ನು ನಿಲ್ಲಿಸಿತು. ಬ್ಲೂಟೂತ್ ಮೊದಲೇ ಇರಲಿಲ್ಲ. ದೀಪಾವಳಿಗೆ ಇಲ್ಲೇ ಒಂದು ಅಂಗಡಿಯಲ್ಲಿ 9 ಇಂಚಿನ ಆಂಡ್ರಾಯ್ಡ್ ಸೆಟ್ ಹಾಕಿಸಿದೆ, ಫಿಟ್ಟಿಂಗ್ ಸೇರಿ 11,500 ರೂಪಾಯಿ. ಆವತ್ತಿನಿಂದ ಶುರುವಾಯಿತು ನೋಡಿ. ಸಬ್ ಪೂರ್ತಿ ಮೌನ. ಬಾಗಿಲ ಸ್ಪೀಕರ್ ಹಾಡುತ್ತವೆ, ಆದರೆ ವಾಲ್ಯೂಮ್ 5ಕ್ಕೇ ಕಿವಿ ಕಿತ್ತುಹೋಗುವಷ್ಟು ಜೋರು, 8 ದಾಟಿದರೆ ಒಡೆದ ದನಿ. ಹಾಡು ನಿಲ್ಲಿಸಿದರೂ ಕುಕ್ಕರ್ ಸೀಟಿಗೆ ಮುಂಚೆ ಬರುತ್ತಲ್ಲ, ಹಾಗೆ ಸುಂಯ್ ಅಂತ ಸದ್ದು. ಚಾವಿ ತೆಗೆದರೆ ಢಬ್ ಅನ್ನುತ್ತದೆ. ಹೋದ ವಾರ ರೈಲಿನಲ್ಲಿ ಊರಿಗೆ ಹೋಗಿ ಮೂರು ದಿನ ಬಿಟ್ಟು ಬಂದರೆ ಸೆಲ್ಫೇ ಹೊಡೆಯಲಿಲ್ಲ, ಬ್ಯಾಟರಿ ಖಾಲಿ. ವಾಚ್‌ಮನ್ ಕಾಕಾ ಮತ್ತು ಹಾಲಿನವನು ಸೇರಿ ತಳ್ಳಿದರು.

ಅಂಗಡಿಯವನು ಹೇಳುವುದು: ‘ಹಳೇ ಆ್ಯಂಪ್ ಸತ್ತಿದೆ ಸಾಹೇಬ್, ಬ್ಯಾಟರಿಯೂ ಮುದಿಯಾಗಿದೆ. ಹೊಸ ಆ್ಯಂಪ್, ಸಬ್ ಡಬ್ಬಾ ಎರಡೂ 18,000ಕ್ಕೆ ಮಾಡಿಕೊಡುತ್ತೇನೆ.’ ನಂಬಲಾ? ನನಗ್ಯಾಕೋ ಸುಮ್ನೆ ಟೋಪಿ ಅನಿಸುತ್ತಿದೆ.

ಠಾಣೆ ಬಾಸ್ ಭಕ್ತ:

ತಲೆ ಕೆಡಿಸ್ಕೋಬೇಡಿ ಬ್ರದರ್. ಕಂಪನಿ ಆ್ಯಂಪ್ ಅಂದರೆ ಬೆಂಕಿಪೊಟ್ಟಣ. ಕಿತ್ತು ಬಿಸಾಕಿ, 12 ಇಂಚಿನ ಡಬ್ಬಾ ಹಾಕಿಸಿ. ಸಿಗ್ನಲ್‌ನಲ್ಲಿ ಪಕ್ಕದ ರಿಕ್ಷಾದವನು ತಿರುಗಿ ನೋಡಬೇಕು.

ಡೊಂಬಿವಲಿ ಕಾಕಾ:

ತಮ್ಮಾ, ಏನನ್ನೂ ಕಿತ್ತು ಬಿಸಾಕಬೇಡ. ನಾನು ಮುಂಬೈಯ ಲ್ಯಾಮಿಂಗ್ಟನ್ ರೋಡ್‌ನಲ್ಲಿ 22 ವರ್ಷ ಆಂಪ್ಲಿಫೈಯರ್ ರಿಪೇರಿ ಮಾಡಿದವನು. ಈಗ ಕಣ್ಣು ಸೋತಿದೆ, ಬಾಯಿ ಸೋತಿಲ್ಲ.

ನಿನ್ನ ಪ್ರಶ್ನೆಯ ತಲೆಬರಹದಲ್ಲೇ ಉತ್ತರ ಇದೆ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಬಾಗಿಲ ಸ್ಪೀಕರಿನ ವೈರ್ ಹೊರಡುವುದೇ ಡಿಕ್ಕಿಯ ಆ್ಯಂಪ್‌ನಿಂದ. ಸೆಟ್‌ನಿಂದ ನೇರವಾಗಿ ಬಾಗಿಲಿಗೆ ದಾರಿ ಇರುವುದಿಲ್ಲ. ಆ್ಯಂಪ್ ಸತ್ತಿದ್ದರೆ ಬಾಗಿಲು ಹಾಡುವುದು ಹೇಗೆ? ಖಾತ್ರಿ ಮಾಡಿಕೊಳ್ಳಬೇಕಾದರೆ ಹಾಡು ಹಚ್ಚಿ ಆ್ಯಂಪ್‌ನ ಫ್ಯೂಸ್ ತೆಗೆ. ಬಾಗಿಲು ಸುಮ್ಮನಾದರೆ ಆ್ಯಂಪ್ ಬದುಕಿದೆ ಅಂತ ಅರ್ಥ.

ಇನ್ನು 5ಕ್ಕೇ ಯಾಕೆ ಅಷ್ಟು ಜೋರು. ಹಳೇ ಸೆಟ್ ತನ್ನ ಆ್ಯಂಪ್‌ಗೆ ಕೊಡುತ್ತಿದ್ದದ್ದು ಸಣ್ಣ ಸಿಗ್ನಲ್, ಒಂದೆರಡು ವೋಲ್ಟಿನ ಲೆಕ್ಕದ್ದು. ನಿನ್ನ ಹೊಸ ಸೆಟ್‌ನಲ್ಲಿ ಎರಡು ಥರದ ಬಾಲ ಇವೆ. ಒಂದು ಸ್ಪೀಕರ್ ವೈರ್: ಬಿಳಿ, ಬೂದು, ಹಸಿರು, ನೇರಳೆ, ಒಂದೊಂದಕ್ಕೂ ಕಪ್ಪು ಗೆರೆಯ ಜೊತೆಗಾರ. ಇನ್ನೊಂದು ಆರ್‌ಸಿಎ ಪಿನ್, ಹಳೇ ಟಿವಿ ಹಿಂದೆ ಇರುತ್ತಿತ್ತಲ್ಲ, ಅದು. ಅಂಗಡಿಯವನು ಸ್ಪೀಕರ್ ವೈರನ್ನೇ ಆ್ಯಂಪ್‌ಗೆ ಹೋಗುವ ವೈರಿಗೆ ಸುತ್ತಿದ್ದಾನೆ. ಡಬ್ಬಿಯ ಮೇಲೆ ‘50 ವ್ಯಾಟ್ × 4’ ಅಂತ ಬರೆದಿರುತ್ತಾರೆ, ಅದು ಗಳಿಗೆಯ ಆಟ. ನಿಜಕ್ಕೂ ಸಿಗುವುದು 20ರ ಆಸುಪಾಸು. 4 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ 20 ವ್ಯಾಟ್ ಅಂದರೂ ಸುಮಾರು 9 ವೋಲ್ಟ್. ಒಳಲೆಯಲ್ಲಿ ಹಾಲು ಕುಡಿಯುವ ಕೂಸಿಗೆ ಕೊಡ ಎತ್ತಿ ಸುರಿದ ಹಾಗೆ. ಕೂಸು ಕೆಮ್ಮದೆ ಇನ್ನೇನು ಮಾಡೀತು? ಆ ಸುಂಯ್ ಸದ್ದೂ ಅದರದೇ. ಸೆಟ್‌ನೊಳಗಿನ ಸಣ್ಣ ಆ್ಯಂಪ್‌ನ ಗೊರಕೆಯನ್ನು ಡಿಕ್ಕಿಯ ಆ್ಯಂಪ್ ದೊಡ್ಡದು ಮಾಡಿ ಕೇಳಿಸುತ್ತಿದೆ.

ಬ್ಯಾಟರಿ ವಿಷಯಕ್ಕೆ ನನಗೊಂದು ಅನುಮಾನ ಇದೆ. ಸೆಟ್‌ನಲ್ಲಿ ಹಳದಿ ವೈರ್‌ಗೆ ಯಾವಾಗಲೂ 12 ವೋಲ್ಟ್, ಕೆಂಪಿಗೆ ಚಾವಿ ತಿರುವಿದಾಗ ಮಾತ್ರ. ನೀಲಿಯ ಮೇಲೆ ಬಿಳಿ ಗೆರೆ ಇರುವುದು ರಿಮೋಟ್ ವೈರ್. ಸೆಟ್ ಎದ್ದಾಗ ಅದು ‘ಏಳಪ್ಪಾ’ ಅಂತ ಆ್ಯಂಪ್ ಅನ್ನು ಎಬ್ಬಿಸುತ್ತದೆ. ಕೆಲಸ ಬೇಗ ಮುಗಿಯಲಿ ಅಂತ ಆ್ಯಂಪ್‌ನ ರಿಮೋಟನ್ನು ಹಳದಿಗೆ ಗಂಟು ಹಾಕಿದರೆ ಆ್ಯಂಪ್ ರಾತ್ರಿಯಿಡೀ ಎಚ್ಚರ. ಚಾವಿ ತೆಗೆದು ಆ್ಯಂಪ್‌ನ ರಿಮೋಟ್ ವೈರ್‌ನಲ್ಲಿ ವೋಲ್ಟ್ ನೋಡು. 12 ಇದ್ದರೆ ಕಳ್ಳ ಸಿಕ್ಕ. ಢಬ್ ಸದ್ದಿಗೂ ಅದೇ ಕಾರಣ ಇರಬಹುದು: ಸೆಟ್ ಮಲಗುವಾಗ ಮಾಡುವ ಸದ್ದನ್ನು ಎಚ್ಚರವಾಗಿರುವ ಆ್ಯಂಪ್ ಊರಿಗೆಲ್ಲ ಕೇಳಿಸುತ್ತದೆ.

ಸಬ್ ಬದುಕಿದೆಯೋ ಇಲ್ಲವೋ ನೋಡಲು ಒಂದು ಪೆನ್ಸಿಲ್ ಸೆಲ್ ಸಾಕು. ಸಬ್‌ನ ಪ್ಲಗ್ ಕಿತ್ತು, 1.5 ವೋಲ್ಟಿನ ಸೆಲ್ಲನ್ನು ಅದರ ಎರಡು ಕಾಲಿಗೆ ಒಂದು ಕ್ಷಣ ತಾಗಿಸು. ಟಪ್ ಅಂದು ಸ್ಪೀಕರಿನ ಕಾಗದ ಅಲುಗಿದರೆ ಒಳಗಿನ ತಂತಿ ಸುರುಳಿ, ಕಾಯಿಲ್, ಸರಿ ಇದೆ. ಮೀಟರ್‌ನಲ್ಲಿ ಓಮ್ ಕೂಡ ನೋಡು.

ಒಂದು ಮಾತು ಮರೆಯಬೇಡ. ಸೆಟ್‌ನ ಸ್ಪೀಕರ್ ವೈರ್‌ನ ಮೈನಸ್ಸು ಬಾಡಿ, ಅಂದರೆ ಅರ್ಥ್ ಆಗಿರುವ ಕಾರಿನ ಲೋಹದ ಮೈ, ಅಲ್ಲ. ಅಲ್ಲಿ ಪ್ಲಸ್ಸಿಗೂ ಮೈನಸ್ಸಿಗೂ ಬಾಡಿಯಿಂದ ನೋಡಿದರೆ 6 ವೋಲ್ಟ್ ಇರುತ್ತದೆ. ಕಪ್ಪು ಗೆರೆ ನೋಡಿ ಅರ್ಥ್ ಅಂದುಕೊಂಡು ಬಾಡಿಗೆ ತಾಗಿಸಿದವರ ಸೆಟ್‌ಗಳಿಂದಲೇ ನನ್ನ ಮಗಳ ಮದುವೆ ಖರ್ಚು ಹೊರಟಿತು.

ಚಿಂಚವಡದ ಗದಗಿನವ:

ಕಾಕಾ, ಕೈ ಮುಗಿದೆ. ಶನಿವಾರ ಬುಧವಾರ ಪೇಟೆಗೆ ಹೋಗಿ ಮಲ್ಟಿಮೀಟರ್ ತಂದೆ. ಭಾನುವಾರ ಬೆಳಗ್ಗೆ ಬಿಲ್ಡಿಂಗ್ ಪಾರ್ಕಿಂಗ್‌ನಲ್ಲಿ ಕೂತೆವು. ಮಗಳು ಟಾರ್ಚ್ ಹಿಡಿದಳು. ಏಳನೇ ಕ್ಲಾಸು, ಮೀಟರ್ ಓದುವುದು ನನಗಿಂತ ಅವಳಿಗೇ ಬೇಗ ಬಂತು.

ಫ್ಯೂಸ್ ತೆಗೆದೆ. ಬಾಗಿಲು ನಾಲ್ಕೂ ಗಪ್‌ಚಿಪ್. ಹಾಕಿದೆ, ಮತ್ತೆ ಹಾಡು. ಆ್ಯಂಪ್ ಬದುಕಿದೆ!

ಚಾವಿ ಜೇಬಿನಲ್ಲಿಟ್ಟುಕೊಂಡು ರಿಮೋಟ್ ವೈರ್ ನೋಡಿದರೆ 12.5 ವೋಲ್ಟ್. ಸೆಟ್ ಹೊರಗೆಳೆದು ಟೇಪ್ ಬಿಚ್ಚಿದೆ. ನೀವು ಪಕ್ಕದಲ್ಲಿ ಕೂತು ನೋಡಿದ ಹಾಗೆ ಇತ್ತು: ಕಾರಿನ ರಿಮೋಟ್ ವೈರು ಹಳದಿಯ ಜೊತೆ ಗಂಟು. ಸೆಟ್‌ನ ನೀಲಿ-ಬಿಳಿ ವೈರನ್ನು ಕತ್ತರಿಸಿ ಒಳಗೆ ತುರುಕಿದ್ದರು. ಬ್ಯಾಟರಿಯ ಮೈನಸ್ ಬಿಚ್ಚಿ ಮಧ್ಯೆ ಮೀಟರ್ ಹಾಕಿ ಕರೆಂಟ್ ಕೂಡ ನೋಡಿದೆವು, 10 ಆಂಪಿಯರ್ ಸಾಕೆಟ್‌ನಲ್ಲಿ. ಕಾರು ಮಲಗಿರುವಾಗ 0.41 ಆಂಪಿಯರ್ ಎಳೆಯುತ್ತಿತ್ತು. ಮಗಳು ನೋಟ್‌ಬುಕ್ಕಿನಲ್ಲಿ ಗುಣಿಸಿದಳು: 72 ಗಂಟೆಗೆ 29 ಆಂಪಿಯರ್-ಅವರ್ ಮೇಲೆ. ನನ್ನ ಬ್ಯಾಟರಿ ಇರುವುದೇ 45ರದ್ದು. ಆ ಗಂಟು ಬಿಚ್ಚಿದ ಮೇಲೆ 0.03ಕ್ಕೆ ಇಳಿಯಿತು. ಬ್ಯಾಟರಿ ಮುದಿಯಂತೆ!

ಸಬ್‌ಗೆ ಸೆಲ್ ತಾಗಿಸಿದರೆ ಟಪ್ ಅಂತು. ಮೀಟರ್‌ನಲ್ಲಿ 1.7 ಓಮ್ ತೋರಿಸುತ್ತದೆ. ಇದು ಶಾರ್ಟ್ ಆಗಿದೆಯಾ? ಮತ್ತೆ ಸೆಟ್ ಹಿಂದೆ ಕಾರಿನ ಕಡೆಯಿಂದ ಬಂದ ಒಂದು ಜೋಡಿ ವೈರ್ ಯಾವುದಕ್ಕೂ ಸೇರಿಸದೆ ಹಾಗೇ ಟೇಪ್ ಸುತ್ತಿ ಬಿಟ್ಟಿದ್ದಾರೆ. ಅದು ಡಿಕ್ಕಿಯ ಆ್ಯಂಪ್‌ವರೆಗೂ ಹೋಗಿದೆ, ಮೀಟರ್‌ನ ಬೀಪ್ ಹಿಡಿದು ನೋಡಿದೆವು.

ಡೊಂಬಿವಲಿ ಕಾಕಾ:

ಭಲೇ! ಆ ಹುಡುಗಿಗೆ ಒಂದು ಸೋಲ್ಡರಿಂಗ್ ಐರನ್ ಕೊಡಿಸು.

1.7 ಅಂದರೆ ಶಾರ್ಟ್ ಅಲ್ಲ, ಅದು 2 ಓಮ್ ಸಬ್. ಮೀಟರ್ ಸಾಮಾನ್ಯವಾಗಿ ಸ್ಪೀಕರ್ ಮೇಲೆ ಬರೆದದ್ದಕ್ಕಿಂತ ತುಸು ಕಡಿಮೆಯೇ ತೋರಿಸುತ್ತದೆ. ಕಂಪನಿ ಆ್ಯಂಪ್ ಇಂಥ 2 ಓಮ್ ಸ್ಪೀಕರನ್ನು ನಡೆಸಲೆಂದೇ ಮಾಡಿದ್ದು. ಅದನ್ನು ಕಿತ್ತು ಸ್ಪೀಕರನ್ನು ನೇರವಾಗಿ ಸೆಟ್‌ಗೆ ಕೊಟ್ಟರೆ, 4 ಓಮ್‌ಗೆ ಮಾಡಿದ ಸೆಟ್ ಬಿಸಿಯಾಗಿ ಸುಟ್ಟೀತು. ಅದಕ್ಕೇ ಕಿತ್ತು ಬಿಸಾಕಬೇಡ ಅಂದದ್ದು, ಠಾಣೆಯವರು ಬೇಜಾರು ಮಾಡಿಕೊಳ್ಳಬಾರದು.

ಬಿಟ್ಟ ಆ ಜೋಡಿ ಸಬ್‌ನ ಸಿಗ್ನಲ್. ಕೆಲವು ಕಾರುಗಳಲ್ಲಿ ಆ್ಯಂಪ್ ತಾನೇ ಬಾಗಿಲ ಸಿಗ್ನಲ್‌ನಿಂದ ಬಾಸ್ ಬೇರೆ ಮಾಡಿಕೊಳ್ಳುತ್ತದೆ. ನಿನ್ನದರಲ್ಲಿ ಸೆಟ್ಟೇ ಬೇರೆಯಾಗಿ ಕಳಿಸಬೇಕು. ಕಳಿಸುವವರೇ ಇಲ್ಲದಿದ್ದರೆ ಪಾಪ ಅದು ಏನು ನುಡಿಯಬೇಕು?

ಈಗ ಕೆಲಸ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚು. ಒಳ್ಳೆಯ ಆರ್‌ಸಿಎ ಕೇಬಲ್ ತಂದು ಒಂದು ತುದಿ ಕತ್ತರಿಸು. ನಡುವಿನ ತಂತಿ ಪ್ಲಸ್, ಸುತ್ತಲಿನ ಜಾಳಿಗೆ ಮೈನಸ್. ಮುಂದಿನ ಎರಡು, ಹಿಂದಿನ ಎರಡು, ಸಬ್‌ಗೆ ಒಂದು, ಹೀಗೆ ಐದು ಬೇಕು. ಕಾರಿನ ವೈರ್‌ಗಳನ್ನು ಸೆಟ್‌ನ ಸ್ಪೀಕರ್ ಬಾಲದಿಂದ ಬಿಡಿಸಿ ಇವಕ್ಕೆ ಬೆಸೆ. ಬರೀ ತಿರುಚಿ ಟೇಪ್ ಸುತ್ತಿದರೆ ಪುಣೆ ರಸ್ತೆಯ ಗುಂಡಿಗೆ ಆರು ತಿಂಗಳು ಬಾಳುವುದಿಲ್ಲ. ಖಾಲಿ ಉಳಿದ ಎಂಟು ಸ್ಪೀಕರ್ ವೈರ್‌ಗಳ ತುದಿಗೆ ಒಂದೊಂದಕ್ಕೂ ಬೇರೆ ಬೇರೆ ಟೇಪ್ ಹಚ್ಚು. ಎಲ್ಲ ಸೇರಿಸಿ ಒಂದೇ ಕಟ್ಟು ಮಾಡಬೇಡ, ಅವುಗಳಲ್ಲಿ ಜೀವ ಇದೆ. ನೀಲಿ-ಬಿಳಿಯನ್ನು ರಿಮೋಟ್‌ಗೆ ಕೊಡು. ಸೆಟ್‌ನ ಕಪ್ಪು ವೈರನ್ನು ಕಾರಿನ ಹಳೇ ಅರ್ಥ್‌ಗೇ ಕೊಡು, ಸಿಕ್ಕ ಸಿಕ್ಕ ಸ್ಕ್ರೂಗೆ ಬೇಡ. ಹಾಗೆ ಮಾಡಿದರೆ ಎಂಜಿನ್ ಏರಿದಂತೆ ಕುಂಯ್ ಅಂತ ಏರುವ ಸದ್ದು ಬರಬಹುದು.

ವಾಸ್ಕೋ ವಲಸಿಗ:

ಕಾಕಾ ನಮಸ್ಕಾರ, ಗೋವಾದಿಂದ. ನನ್ನ ಬಳಿ 2008ರ ಒಂದು ಜರ್ಮನ್ ಗಾಡಿ ಇದೆ. ಸೆಟ್ ತೆಗೆದು ನೋಡಿದರೆ ಸ್ಪೀಕರ್ ವೈರೇ ಇಲ್ಲ. ಒಂದು ಪ್ಲಗ್‌ನಲ್ಲಿ ಕೆಂಪು ಬೆಳಕು ಮಾತ್ರ ಕಾಣುತ್ತದೆ. ನಾನೂ ಹೀಗೇ ಆರ್‌ಸಿಎ ಬೆಸೆಯಬಹುದಾ?

ಡೊಂಬಿವಲಿ ಕಾಕಾ:

ಬೇಡಪ್ಪಾ. ಅದು ಮೋಸ್ಟ್ ಅನ್ನುವ ವ್ಯವಸ್ಥೆ. ಹಾಡು ತಾಮ್ರದಲ್ಲಿ ಹೋಗುವುದಿಲ್ಲ, ಪ್ಲಾಸ್ಟಿಕ್ ಎಳೆಯೊಳಗೆ ಬೆಳಕಾಗಿ ಹೋಗುತ್ತದೆ. ಸೆಟ್, ಆ್ಯಂಪ್ ಎಲ್ಲ ಒಂದು ಉಂಗುರದಲ್ಲಿ ಕೂತಿರುತ್ತವೆ, ಒಂದನ್ನು ತೆಗೆದರೆ ಉಂಗುರ ಮುರಿಯುತ್ತದೆ. ಅದಕ್ಕೆಂದೇ ಮಾಡಿದ ಇಂಟರ್‌ಫೇಸ್ ಡಬ್ಬಿ ಬೇಕು. ಗಾಡಿಯ ಮಾಡೆಲ್ ನೋಡಿ ಕೊಳ್ಳಬೇಕು, ಅಗ್ಗವೂ ಅಲ್ಲ. ಎಳೆಯನ್ನು ಮಡಿಸಬೇಡ, ಮುರಿದರೆ ಬೆಸುಗೆ ಹಿಡಿಯುವುದಿಲ್ಲ.

ಚಿಂಚವಡದ ಗದಗಿನವ:

ಮುಗೀತು ಕಾಕಾ! ಎರಡು ಭಾನುವಾರ ಹಿಡಿಯಿತು. ಕೇಬಲ್, ಸೋಲ್ಡರ್, ಟೇಪ್ ಎಲ್ಲ ಸೇರಿ 740 ರೂಪಾಯಿ, ಮೀಟರ್ ಬೇರೆ. ಬೆರಳು ಒಂದು ಸಲ ಸುಟ್ಟಿತು, ಅದು ಲೆಕ್ಕಕ್ಕಿಲ್ಲ.

ಮೊದಲ ಸಲ ಹಚ್ಚಿದಾಗ ಎದೆ ಧಸಕ್ ಅಂತು. ಬಾಗಿಲು ಚೆನ್ನಾಗಿ ಹಾಡುತ್ತವೆ, ಸಬ್ ಮತ್ತೆ ಮೌನ. ಒಂದು ಗಂಟೆ ವೈರ್ ಎಲ್ಲ ಮತ್ತೆ ತಡಕಾಡಿದೆ. ಆಮೇಲೆ ಮಗಳು ಸೆಟ್‌ನ ಸೆಟ್ಟಿಂಗ್ಸ್ ಕೆದಕಿ ‘ಅಪ್ಪಾ, ಇಲ್ಲಿ ಸಬ್‌ವೂಫರ್ ಆಫ್ ಇದೆ’ ಅಂದಳು. ಆನ್ ಮಾಡಿ, 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ದನಿ ಮಾತ್ರ ಅದಕ್ಕೆ ಹೋಗುವ ಹಾಗೆ ಇಟ್ಟೆವು. ಪ್ಲಸ್ ಮೈನಸ್ ಅದಲು ಬದಲು ಮಾಡಿಯೂ ನೋಡಿದೆ. ಒಂದು ರೀತಿಯಲ್ಲಿ ಡಗ್ಗಾ ಸೊರಗಿದ ಹಾಗೆ, ಇನ್ನೊಂದು ರೀತಿಯಲ್ಲಿ ತುಂಬಿ ಬರುತ್ತದೆ. ತುಂಬಿದ್ದನ್ನೇ ಇಟ್ಟುಕೊಂಡೆ. ಈಗ ವಾಲ್ಯೂಮ್ 18ಕ್ಕೆ ಮಾತು ನಡೆಯುವಷ್ಟು ಹಾಡು. ಸುಂಯ್ ಇಲ್ಲ, ಢಬ್ ಇಲ್ಲ. ನಾಲ್ಕು ದಿನ ನಿಲ್ಲಿಸಿಟ್ಟು ನೋಡಿದೆ, ಒಂದೇ ಸೆಲ್ಫಿಗೆ ಹೊಡೆಯಿತು.

ಮೊನ್ನೆ ಸಾತಾರಾವರೆಗೆ ಹೋಗಿಬಂದೆವು. ಹೋಗುವಾಗ ಘಾಟ್, ಬರುವಾಗ ಸುರಂಗ. ಸುರಂಗದೊಳಗೆ ಕಿಟಕಿ ಏರಿಸಿ ಅಭಂಗ ಹಚ್ಚಿದೆ. ನನ್ನಾಕೆ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಎರಡು ನಿಮಿಷ ಏನೂ ಅನ್ನಲಿಲ್ಲ. ಆಮೇಲೆ ‘ರೀ, ಹಾಡು ಚಲೋ ಐತಿ, ಆದ್ರ ಹಿಂದ ಏನೋ ಗಡಗಡ ಅಂತದ’ ಅಂದಳು.

ನಿಲ್ಲಿಸಿ ನೋಡಿದೆ. ಹಿಂದಿನ ನಂಬರ್ ಪ್ಲೇಟು. ಡಗ್ಗಾ ಬಿದ್ದಾಗಲೆಲ್ಲ ಅದೂ ತಾಳ ಹಾಕುತ್ತಿದೆ. ಅದರ ಹಿಂದೆ ಹಚ್ಚಲು ಫೋಮ್ ಟೇಪ್ ಸಾಕಾ ಕಾಕಾ, ಇಲ್ಲಾ ರಬ್ಬರ್ ವಾಷರ್ ಹಾಕಲಾ?

ಡೊಂಬಿವಲಿ ಕಾಕಾ:

ಎರಡೂ ಹಾಕು. ಫೋಮ್ ಮಳೆಗಾಲದಲ್ಲಿ ನೆನೆದು ಕಳಚುತ್ತದೆ.