ಮಾವಿನಹಣ್ಣಿನ ಮಫಿನ್ ಒಳಗೆ ಹಸಿಯಾಗಿಯೇ ಉಳಿಯುತ್ತಿದೆ, ತಪ್ಪು ಎಲ್ಲಿದೆ?

ವಿದ್ಯಾನಗರದ ಗೃಹಿಣಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಬೇಸಿಗೆ ರಜೆ ಬಿಟ್ಟಾಗಿನಿಂದ ಮೂರು ಸಲ ಮಾವಿನಹಣ್ಣಿನ ಮಫಿನ್ ಮಾಡಿದ್ದೇನೆ, ಮೂರು ಸಲವೂ ಕೆಟ್ಟಿವೆ, ಮೊದಲೆರಡು ಸಲ ಒಂದೇ ರೀತಿಯಲ್ಲಿ. ಓವನ್ನಿನ ಒಳಗಿರುವಾಗ ಚೆನ್ನಾಗಿಯೇ ಉಬ್ಬುತ್ತವೆ, ಮೇಲ್ಭಾಗ ಹೊಂಬಣ್ಣಕ್ಕೂ ಬರುತ್ತದೆ. ಹೊರಗೆ ತೆಗೆದು ಹತ್ತು ನಿಮಿಷ ಕಳೆಯುವುದರೊಳಗೆ ನಡುಭಾಗ ಕುಸಿದು ಬಟ್ಟಲಿನಂತೆ ಗುಳಿ ಬೀಳುತ್ತದೆ. ಮುರಿದು ನೋಡಿದರೆ ಹಣ್ಣಿನ ಹೋಳುಗಳೆಲ್ಲ ತಳ ಸೇರಿರುತ್ತವೆ ಮತ್ತು ಅವುಗಳ ಸುತ್ತಲಿನ ಹಿಟ್ಟು ಬೇಯದೆ ಅಂಟಂಟಾಗಿ ಉಳಿದಿರುತ್ತದೆ. ಕಾಗದದ ಕಪ್ ಬಿಡಿಸಲು ಹೋದರೆ ಅರ್ಧ ಮಫಿನ್ ಕಾಗದದ ಪಾಲಾಗುತ್ತದೆ. ಮೊನ್ನೆ ನಮ್ಮ ಅತ್ತೆಯವರು, "ಇದಕ್ಕೊಂದು ಚಮಚ ಇಟ್ಟು ಹಲ್ವ ಎಂದು ಕೊಟ್ಟುಬಿಡು, ಯಾರೂ ಕೇಳುವುದಿಲ್ಲ" ಎಂದರು.

ನಾನು ಬಳಸಿದ ಅಳತೆ ಹೀಗಿದೆ: ಮೈದಾ 2 ಕಪ್, ಸಕ್ಕರೆ 1 ಕಪ್, ಮನೆಯಲ್ಲೇ ಕಡೆದ ಬೆಣ್ಣೆಯನ್ನು ಕರಗಿಸಿ ಅರ್ಧ ಕಪ್, ಹಾಲು 1 ಕಪ್, ರಸಪುರಿ ಹಣ್ಣಿನ ರಸ 1 ಕಪ್, ಅದೇ ಹಣ್ಣಿನ ಹೋಳು 1 ಕಪ್, ಬೇಕಿಂಗ್ ಪೌಡರ್ 2 ಟೀ ಚಮಚ. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕಿ ಐದು ನಿಮಿಷ ಬೀಟರ್‌ನಲ್ಲಿ ನುಣ್ಣಗೆ ಮಾಡಿ, ಓಟಿಜಿ ಓವನ್ನಿನಲ್ಲಿ 180 ಡಿಗ್ರಿಗೆ 25 ನಿಮಿಷ ಇಟ್ಟಿದ್ದೆ. ಮೂರನೆಯ ಸಲ ಹಿಟ್ಟು ಸಿದ್ಧವಾದ ಮೇಲೆ ಕರೆಂಟ್ ಹೋಗಿ ಇಪ್ಪತ್ತು ನಿಮಿಷ ಕಾಯಬೇಕಾಯಿತು, ಆ ಸಲವಂತೂ ಉಬ್ಬಲೂ ಇಲ್ಲ. ಸಮಯ ಹೆಚ್ಚಿಸಬೇಕೇ, ಉರಿ ಹೆಚ್ಚಿಸಬೇಕೇ ಅಥವಾ ಹಣ್ಣನ್ನೇ ಬದಲಿಸಬೇಕೇ, ದಯವಿಟ್ಟು ತಿಳಿಸಿ.

ನಿವೃತ್ತ ಗೃಹವಿಜ್ಞಾನ ಶಿಕ್ಷಕಿ, ಚಿತ್ರದುರ್ಗ:

ನಿಮ್ಮ ಓವನ್ನಿನದೇನೂ ತಪ್ಪಿಲ್ಲ ತಂಗಿ, ತಪ್ಪಿರುವುದು ನೀರಿನ ಲೆಕ್ಕದಲ್ಲಿ. ಮಾವಿನಹಣ್ಣಿನ ತಿರುಳಿನಲ್ಲಿ ನೂರಕ್ಕೆ ಸುಮಾರು 83 ಭಾಗ ನೀರೇ ಇರುತ್ತದೆ. ನೀವು ಹಾಕಿದ ಒಂದು ಕಪ್ ರಸವೆಂದರೆ ಹೆಚ್ಚುಕಡಿಮೆ 200 ಮಿಲಿಲೀಟರ್ ನೀರು. ಅದರ ಮೇಲೆ ಒಂದು ಕಪ್ ಹಾಲು. ಅದೂ ಸಾಲದೆಂಬಂತೆ ಬಿಸಿ ತಾಗಿದ ಕೂಡಲೇ ನೀರು ಬಿಡುವ ರಸಪುರಿ ಹೋಳುಗಳು. ಎರಡು ಕಪ್ ಮೈದಾದ, ಅಂದರೆ ಸುಮಾರು 250 ಗ್ರಾಂ ಹಿಟ್ಟಿನ ಮಫಿನ್‌ಗೆ ಒಂದು ಕಪ್ ಹಾಲೇ ಸಾಕಾಗುವಾಗ ನೀವು ಅದರ ಎರಡರಷ್ಟು ದ್ರವವನ್ನು ಕೊಟ್ಟಿದ್ದೀರಿ. ಕಾವಿಗೆ ಆವಿ ಮತ್ತು ಬೇಕಿಂಗ್ ಪೌಡರಿನ ಅನಿಲ ಹಿಗ್ಗುವುದರಿಂದ ಅದು ಉಬ್ಬುತ್ತದೆ ನಿಜ, ಆದರೆ ಉಬ್ಬಿದ ಆಕಾರವನ್ನು ಹಿಡಿದು ನಿಲ್ಲಿಸಬೇಕಾದ ಹಿಟ್ಟು ಗಟ್ಟಿಯಾಗಿರುವುದಿಲ್ಲ. ತಣ್ಣಗಾದಂತೆ ಒಳಗಿನ ಅನಿಲ ಕುಗ್ಗಿ ಮೇಲಿನ ಗೋಪುರ ಕೆಳಗಿಳಿಯುತ್ತದೆ. ಇನ್ನೂ ಹತ್ತು ನಿಮಿಷ ಇಟ್ಟಿದ್ದರೆ ಮೇಲ್ಭಾಗ ಒಣಗಿ ಕರಕಲಾಗುತ್ತಿತ್ತೇ ಹೊರತು ತಳ ಬೇಯುತ್ತಿರಲಿಲ್ಲ.

ಹಣ್ಣಿನ ಮಫಿನ್ ಮಾಡುವಾಗ ಹಣ್ಣನ್ನು ರುಚಿಗೆಂದು ಕೊನೆಗೆ ಸೇರಿಸುವ ಪದಾರ್ಥವೆಂದು ಎಣಿಸದೆ, ಹಾಲಿನ ಜಾಗದಲ್ಲಿ ನಿಲ್ಲುವ ದ್ರವವೆಂದೇ ಎಣಿಸಬೇಕು. ಆದ್ದರಿಂದ ಹಾಲನ್ನು ಪೂರ್ತಿಯಾಗಿ ಕೈಬಿಡಿ. ಎರಡು ಕಪ್ ರಸವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ಸೀಯದಂತೆ ಕೈಯಾಡಿಸುತ್ತ ಒಂದು ಕಪ್ಪಿಗಿಂತ ತುಸು ಕಡಿಮೆಗೆ ಇಳಿಸಿಕೊಳ್ಳಿ. ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದಾಗ ಅದು ಎರಡು ಕ್ಷಣ ಮುಚ್ಚಿಕೊಳ್ಳದೆ ನಿಂತರೆ ಹದ ಬಂದಿತೆಂದು ತಿಳಿಯಿರಿ. ಆಗ ಅದು ಕುದಿದು ಸಿಡಿಯುತ್ತದೆ, ಮುಂಗೈಗೆ ಬಿದ್ದರೆ ಬೊಬ್ಬೆ ಏಳುತ್ತದೆ, ಹಿಡಿ ಉದ್ದವಿರುವ ಸೌಟನ್ನೇ ಬಳಸಿ. ಪೂರ್ತಿ ಆರಿದ ನಂತರವೇ ಹಿಟ್ಟಿಗೆ ಸೇರಿಸಬೇಕು.

ನಾನು ಅನುಸರಿಸುವ ಅಳತೆ ಇದು, ಹನ್ನೆರಡು ಮಫಿನ್ ಆಗುತ್ತವೆ: ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ, ಸಕ್ಕರೆ 130 ಗ್ರಾಂ, ಎಣ್ಣೆ ಅಥವಾ ಕರಗಿಸಿದ ಬೆಣ್ಣೆ 90 ಗ್ರಾಂ, ಇಳಿಸಿದ ಮಾವಿನ ರಸ 200 ಗ್ರಾಂ, ಗಟ್ಟಿ ಮೊಸರು ಅರ್ಧ ಕಪ್, ಹೋಳು 150 ಗ್ರಾಂ. ಮೊಸರಿನ ಹುಳಿ ಸೋಡಾದೊಂದಿಗೆ ಕೂಡಿ ಅನಿಲವಾಗುವುದರಿಂದ ಮೊಟ್ಟೆಯ ಕೊರತೆ ಬಹಳ ಮಟ್ಟಿಗೆ ತುಂಬುತ್ತದೆ. ಮೊಸರು ನೀರುನೀರಾಗಿದ್ದರೆ ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಿ. ಸೋಡಾವನ್ನು ಮಾತ್ರ ಅಳತೆ ಮೀರಿ ಹಾಕಬೇಡಿ, ಸೋಪಿನ ವಾಸನೆ ಬರುತ್ತದೆ.

ಹೋಳುಗಳಿಗೆ ರಸಪುರಿ ಸಲ್ಲದು, ಅದು ಸೀಕರಣೆಗೆಂದೇ ಹುಟ್ಟಿದ ಹಣ್ಣು. ಬಾದಾಮಿ ಮಾವು ಆಗಬಹುದು, ನನ್ನನ್ನು ಕೇಳಿದರೆ ಇನ್ನೂ ದೋರೆಯಾಗಿರುವ, ಒತ್ತಿದರೆ ಬೆರಳು ಇಳಿಯದ ತೋತಾಪುರಿ ಎಲ್ಲಕ್ಕಿಂತ ಮೇಲು. ಅದರ ಹೋಳು ಬೆಂದರೂ ಆಕಾರ ಬಿಡುವುದಿಲ್ಲ ಮತ್ತು ಸಿಹಿಯ ನಡುವೆ ಸಿಗುವ ಅದರ ಹುಳಿ ಬಾಯಿಗೆ ಹಿತವಾಗಿರುತ್ತದೆ. ಹೊರಗೆ ಒಂದೇ ಸಮನೆ ಹಳದಿಯಾಗಿದ್ದು ಒಳಗೆ ಬೆಳ್ಳಗಿರುವ ಹಣ್ಣನ್ನು ಕೊಳ್ಳಬೇಡಿ. ಕಾರ್ಬೈಡ್ ಹಾಕಿ ಮಾಗಿಸುವುದನ್ನು ಕಾನೂನು ನಿಷೇಧಿಸಿದ್ದರೂ ಅಂಥ ಹಣ್ಣು ಪೇಟೆಗೆ ಬರುವುದು ನಿಂತಿಲ್ಲ. ಕಾಯಿ ತಂದು ಭತ್ತದ ಹುಲ್ಲಿನಲ್ಲಿ ಅಡೆ ಹಾಕಿಕೊಳ್ಳುವುದು ನಿಮ್ಮ ಕಡೆ ಕಷ್ಟವೇನಲ್ಲ, ಭದ್ರಾ ನಾಲೆಯ ಕೃಪೆಯಿಂದ ಹುಲ್ಲಿಗೆ ನಿಮಗೆ ಬರವಿಲ್ಲ.

ಹಳೇ ಪೇಟೆ ಬೇಕರಿಯವನು, ದಾವಣಗೆರೆ:

ಟೀಚರಮ್ಮನವರು ಹೇಳಿದ ನೀರಿನ ಲೆಕ್ಕ ಸರಿಯಾಗಿದೆ. ಆದರೆ ಅಕ್ಕಾವರೇ, ನೀವು ಐದು ನಿಮಿಷ ಬೀಟರ್ ಓಡಿಸಿದ್ದನ್ನು ಓದಿ ನನಗೆ ಸಂಕಟವಾಯಿತು. ಮೈದಾಕ್ಕೆ ನೀರು ತಾಗಿದ ಮೇಲೆ ಎಷ್ಟು ಕಲಸುತ್ತೀರೋ ಅಷ್ಟು ಜಿಗುಟು ಬರುತ್ತದೆ. ಪರೋಟಕ್ಕೆ ಅದು ಬೇಕು, ಮಫಿನ್‌ಗೆ ಬೇಡ. ಒಣ ಪದಾರ್ಥಗಳನ್ನೆಲ್ಲ ಒಂದು ಪಾತ್ರೆಯಲ್ಲಿ ಜರಡಿ ಹಿಡಿದುಕೊಳ್ಳಿ, ಹಸಿ ಪದಾರ್ಥಗಳನ್ನೆಲ್ಲ ಇನ್ನೊಂದರಲ್ಲಿ ಸೇರಿಸಿಕೊಳ್ಳಿ, ಸಕ್ಕರೆ ಹಸಿಯದರ ಜೊತೆಗೇ ಹೋಗಲಿ. ಎರಡನ್ನೂ ಕೂಡಿಸಿ ಮರದ ಸೌಟಿನಿಂದ ಹತ್ತು ಹನ್ನೆರಡು ಸುತ್ತು ತಿರುವಿ, ಒಣ ಹಿಟ್ಟು ಕಾಣದಾದ ಕೂಡಲೇ ಕೈ ತೆಗೆಯಿರಿ. ಅಲ್ಲಲ್ಲಿ ಗಂಟು ಕಂಡರೆ ಕಾಣಲಿ, ಬೇಯುವಾಗ ಅವು ಕರಗುತ್ತವೆ. ಹೆಚ್ಚು ಕಲಸಿದ ಹಿಟ್ಟಿನ ಮಫಿನ್ ಕೊಯ್ದರೆ ಇರುವೆ ಕೊರೆದಂತೆ ಉದ್ದುದ್ದ ಸುರಂಗಗಳು ಕಾಣುತ್ತವೆ, ನಿಮ್ಮದರಲ್ಲೂ ಇದ್ದಿರಬೇಕು.

ಹದವನ್ನು ಗುರುತಿಸಲು ಒಂದು ಉಪಾಯ ಹೇಳುತ್ತೇನೆ. ನಮ್ಮ ಊರಿನಲ್ಲಿ ಮಿರ್ಚಿ ಅದ್ದುವ ಕಡಲೆಹಿಟ್ಟನ್ನು ನೋಡದವರಿಲ್ಲ. ಅದು ಮೆಣಸಿನಕಾಯಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದಲ್ಲ, ಮಫಿನ್ ಹಿಟ್ಟು ಅದಕ್ಕಿಂತ ಗಟ್ಟಿಯಾಗಿರಬೇಕು. ಚಮಚವನ್ನು ಓರೆ ಮಾಡಿದರೆ ಹರಿಯಬಾರದು, ಮುದ್ದೆಮುದ್ದೆಯಾಗಿ ಬೀಳಬೇಕು. ಹಣ್ಣಿನ ಹೋಳುಗಳಿಗೆ ಮೈದಾ ಸವರಿದರೆ ಮುಳುಗುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಹಿಟ್ಟು ಗಟ್ಟಿಯಿದ್ದರೆ ಸವರದೆಯೂ ನಿಲ್ಲುತ್ತದೆ, ನೀರಾಗಿದ್ದರೆ ಸವರಿದರೂ ಮುಳುಗುತ್ತದೆ. ಸಾಲಿಗ್ರಾಮದಷ್ಟು ದೊಡ್ಡ ಹೋಳು ಹಾಕಿದರಂತೂ ಯಾವ ಹಿಟ್ಟೂ ಹೊರಲಾರದು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು. ಪ್ರತಿ ಕಪ್ಪಿಗೂ ಮೊದಲು ಒಂದು ಚಮಚ ಬರಿಯ ಹಿಟ್ಟು ಹಾಕಿ, ಆಮೇಲೆ ಉಳಿದ ಹಿಟ್ಟಿಗೆ ಹೋಳು ಸೇರಿಸಿ ಮೇಲೆ ತುಂಬಿದರೆ ತಳ ಕಾಗದಕ್ಕೆ ಅಂಟುವುದಿಲ್ಲ.

ಕರೆಂಟ್ ಹೋದ ದಿನ ಏಕೆ ಉಬ್ಬಲಿಲ್ಲವೆಂದರೆ, ಬೇಕಿಂಗ್ ಪೌಡರ್ ಹಸಿಯಾದ ಗಳಿಗೆಯಿಂದಲೇ ಕೆಲಸ ಆರಂಭಿಸುತ್ತದೆ. ಇಪ್ಪತ್ತು ನಿಮಿಷ ಕಾದ ಹಿಟ್ಟಿನಲ್ಲಿ ಅದರ ಶಕ್ತಿಯ ದೊಡ್ಡ ಪಾಲು ಗಾಳಿಗೆ ಹೋಗಿರುತ್ತದೆ. ಓವನ್ ಮೊದಲೇ ಹದಿನೈದು ನಿಮಿಷ ಕಾದಿರಬೇಕು, ಕಾದ ನಂತರವೇ ಹಸಿಯನ್ನೂ ಒಣವನ್ನೂ ಕೂಡಿಸಬೇಕು. ಡಬ್ಬಿ ಹಳೆಯದಾಗಿದ್ದರೆ ಒಂದು ಚಮಚ ಪೌಡರನ್ನು ಬಿಸಿನೀರಿಗೆ ಹಾಕಿ ನೋಡಿ, ಬುಸುಬುಸು ನೊರೆ ಏಳದಿದ್ದರೆ ಎಸೆಯಿರಿ. ಬೇಯುತ್ತಿರುವಾಗ ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ, ಒಳಗಿನ ಕಾವು ಸ್ವಲ್ಪ ಹೊತ್ತು ಕಾಪಾಡುತ್ತದೆ.

ಟೀಚರಮ್ಮನವರ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ರಸವನ್ನೆಲ್ಲ ಕಾಯಿಸಿ ಇಳಿಸಿದರೆ ಬಣ್ಣವೂ ಸಿಹಿಯೂ ಉಳಿಯುತ್ತವೆ, ಮಾವಿನ ಘಮ ಮಾತ್ರ ಆವಿಯೊಂದಿಗೆ ಅಡುಗೆಮನೆಯ ಕಿಟಕಿಯಿಂದಾಚೆ ಹೋಗುತ್ತದೆ. ಮುಕ್ಕಾಲು ಪಾಲು ಇಳಿಸಿಕೊಂಡು ಕಾಲು ಪಾಲು ಹಸಿಯಾಗಿಯೇ ಸೇರಿಸಿ, ಆ ನೀರಿಗೆ ಬದಲಾಗಿ ಮೊಸರನ್ನು ಎರಡು ಚಮಚ ಕಡಿಮೆ ಮಾಡಿ.

ನಿವೃತ್ತ ಗೃಹವಿಜ್ಞಾನ ಶಿಕ್ಷಕಿ, ಚಿತ್ರದುರ್ಗ:

ಘಮದ ಮಾತು ನಿಜ, ಒಪ್ಪಿದೆ. ನಾನು ಸ್ವಲ್ಪ ಏಲಕ್ಕಿ ಪುಡಿ ಹಾಕಿ ಆ ಕೊರತೆಯನ್ನು ಮುಚ್ಚುತ್ತಿದ್ದೆ, ನಿಮ್ಮ ದಾರಿ ಅದಕ್ಕಿಂತ ಪ್ರಾಮಾಣಿಕವಾದದ್ದು.

ಬೆಣ್ಣೆಯ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಪೊಟ್ಟಣದ ಬೆಣ್ಣೆಯಲ್ಲಿ ಕನಿಷ್ಠ 80 ಶೇಕಡ ಜಿಡ್ಡು ಇರಲೇಬೇಕೆಂಬ ನಿಯಮವಿದೆ, ಮನೆಯಲ್ಲಿ ಕಡೆದ ಬೆಣ್ಣೆಗೆ ಅಂಥ ಕಟ್ಟುಪಾಡಿಲ್ಲ. ಕರಗಿಸುವಾಗ ಚಟಪಟ ಎನ್ನುವುದೆಲ್ಲ ಒಳಗೆ ಉಳಿದ ಮಜ್ಜಿಗೆಯ ನೀರು. ದೋಸೆಯ ಮೇಲೆ ಹಾಕುವಾಗ ಅದು ಗಮನಕ್ಕೇ ಬರುವುದಿಲ್ಲ, ಇಲ್ಲಿ ಲೆಕ್ಕ ತಪ್ಪಿಸುತ್ತದೆ. ಚಟಪಟ ಸದ್ದು ಅಡಗುವವರೆಗೆ ಕಾಯಿಸಿ, ಕೆಂಪಗಾಗುವ ಮೊದಲೇ ಇಳಿಸಿ ಅಳೆಯಿರಿ.

ಹೊಸದುರ್ಗದ ಓದುಗ:

ನಮ್ಮ ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ಬೋಗುಣಿಯಲ್ಲಿ ಎರಡು ಬೆರಳಿನಷ್ಟು ಉಪ್ಪು ಹರಡಿ, ಅದರ ಮೇಲೆ ಕುಕ್ಕರ್ ಸ್ಟ್ಯಾಂಡ್ ಇಟ್ಟು, ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಿಸಿ, ಬೆಣ್ಣೆ ಸವರಿದ ಸ್ಟೀಲ್ ಬಟ್ಟಲುಗಳಲ್ಲಿ ಹಿಟ್ಟನ್ನು ಮುಕ್ಕಾಲು ತುಂಬಿ ಬೇಯಿಸುತ್ತೇವೆ, 35 ರಿಂದ 40 ನಿಮಿಷ ಬೇಕಾಗುತ್ತದೆ. ಮೇಲಿನಿಂದ ಕಾವು ಬೀಳದ ಕಾರಣ ತಲೆ ಬಿಳಿಚಿಕೊಂಡೇ ಇರುತ್ತದೆ, ರುಚಿಗೆ ಕೊರತೆಯಿಲ್ಲ. ಕುಕ್ಕರಿನಲ್ಲೇ ಮಾಡುವವರು ರಬ್ಬರನ್ನೂ ಸೀಟಿಯನ್ನೂ ಮರೆಯದೆ ತೆಗೆಯಬೇಕು. ಆದರೆ ನೀರಿಲ್ಲದೆ ಕಾಯಿಸಿದರೆ ಅಲ್ಯೂಮಿನಿಯಂ ಕುಕ್ಕರಿನ ತಳ ಹಾಳಾಗುತ್ತದೆಂದು ಅನುಭವದಿಂದ ಹೇಳುತ್ತೇನೆ, ನಮ್ಮ ತಾಯಿಯವರ ಕುಕ್ಕರ್ ಒಂದನ್ನು ನಾನೇ ಬಲಿ ಕೊಟ್ಟಿದ್ದೇನೆ.

ಮಾವು ಮುಗಿದ ಮೇಲೆ ಯಾವ ಹಣ್ಣು ಹಾಕಬಹುದೆಂದು ತಿಳಿದವರು ಹೇಳಿ. ಕಲ್ಲಂಗಡಿ ಹಾಕಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಹಳೇ ಪೇಟೆ ಬೇಕರಿಯವನು, ದಾವಣಗೆರೆ:

ಕಲ್ಲಂಗಡಿ, ಕರಬೂಜ ಎರಡನ್ನೂ ಮರೆತುಬಿಡಿ ಸ್ವಾಮಿ, ಅವು ಕೊಯ್ದು ತಿನ್ನುವ ಹಣ್ಣುಗಳು. ಹಲಸು ಬಹಳ ಚೆನ್ನಾಗಿ ಒಗ್ಗುತ್ತದೆ, ಆದರೆ ಬಕ್ಕೆ ಹಲಸಿನ ಗಟ್ಟಿ ತೊಳೆಯೇ ಆಗಬೇಕು. ಸಣ್ಣಗೆ ಹೆಚ್ಚಿ, ಬೆಲ್ಲ ಹಾಕಿ ನೀರು ಆರುವವರೆಗೆ ಹುರಿದುಕೊಂಡರೆ ಹೋಳು ಮೇಲೆಯೇ ನಿಲ್ಲುತ್ತದೆ. ಅನಾನಸ್‌ಗೂ ಅದೇ ಉಪಚಾರ. ಮಳೆ ಹಿಡಿದ ಮೇಲೆ ನೇರಳೆ ಬರುತ್ತದೆ, ಬೀಜ ಬಿಡಿಸುವುದೇ ದೊಡ್ಡ ಕೆಲಸ, ಒಗರಿಗೆ ಸಕ್ಕರೆಯೂ ಸ್ವಲ್ಪ ಹೆಚ್ಚು ಬೇಕು. ಅದಕ್ಕೆ ಸೋಡಾ ಹೆಚ್ಚಾದರೆ ನೇರಳೆ ಬಣ್ಣ ನೀಲಿ ಹಸಿರಿಗೆ ತಿರುಗಿ ಬೂಸ್ಟು ಹಿಡಿದಂತೆ ಕಾಣುತ್ತದೆ. ಕೆಟ್ಟದ್ದಲ್ಲ, ಆದರೆ ತಟ್ಟೆಯಲ್ಲಿಟ್ಟರೆ ಯಾರೂ ಕೈ ಚಾಚುವುದಿಲ್ಲ.

ವಿದ್ಯಾನಗರದ ಗೃಹಿಣಿ, ದಾವಣಗೆರೆ:

ಎಲ್ಲರ ಮಾತನ್ನೂ ಸೇರಿಸಿ ಇಂದು ನಾಲ್ಕನೆಯ ಬಾರಿ ಮಾಡಿದೆ. ಹಗಲಿನ ಧಗೆಯಲ್ಲಿ ಓವನ್ ಹಚ್ಚುವ ಧೈರ್ಯ ಬಾರದೆ ಬೆಳಿಗ್ಗೆ ಐದೂವರೆಗೇ ಎದ್ದಿದ್ದೆ. ರಸವನ್ನು ಹಿಂದಿನ ರಾತ್ರಿಯೇ ಇಳಿಸಿ ಫ್ರಿಜ್ಜಿನಲ್ಲಿ ಇಟ್ಟಿದ್ದೆನಾದ್ದರಿಂದ ಕೆಲಸ ಹಗುರವಾಯಿತು. ಹಾಲು ಹಾಕಲಿಲ್ಲ, ಬೀಟರನ್ನು ಅಟ್ಟಕ್ಕೇರಿಸಿದೆ, ತೋತಾಪುರಿಯನ್ನು ಸಣ್ಣಗೆ ಹೆಚ್ಚಿದೆ. ಹಿಟ್ಟು ಎಷ್ಟು ಗಟ್ಟಿಯಾಗಿತ್ತೆಂದರೆ ಕೈ ತಪ್ಪಿ ಹಾಲಿನ ಪಾತ್ರೆಯ ಕಡೆಗೇ ಹೋಗುತ್ತಿತ್ತು, ಮಿರ್ಚಿ ಹಿಟ್ಟಿನ ಮಾತನ್ನು ನೆನೆದು ತಡೆದುಕೊಂಡೆ. 24 ನಿಮಿಷಕ್ಕೆ ಕಡ್ಡಿ ಚುಚ್ಚಿದಾಗ ಅದಕ್ಕೆ ಒಂದೆರಡು ಒಣ ತುಣುಕು ಬಿಟ್ಟರೆ ಏನೂ ಅಂಟಲಿಲ್ಲ. ಈ ಸಲ ತಲೆ ಒಡೆದು ಬಿರುಕು ಬಿಟ್ಟು ನಿಂತವು, ಕುಸಿಯಲಿಲ್ಲ. ಕೊಯ್ದಾಗ ಹೋಳುಗಳು ನಡುವೆಯೂ ಇದ್ದವು, ತಳದಲ್ಲೂ ಇದ್ದವು, ಕಾಗದ ಒಂದೇ ಎಳೆತಕ್ಕೆ ಬಿಟ್ಟಿತು. ಅತ್ತೆಯವರು ಎರಡು ತಿಂದು, ಸಕ್ಕರೆ ಕಡಿಮೆಯಾಯಿತೆಂದರು.

ಒಂದು ಸಂದೇಹ ಉಳಿದಿದೆ. ಉಳಿದ ಐದನ್ನು ಬಿಸಿಯಿರುವಾಗಲೇ ಡಬ್ಬಿಯಲ್ಲಿ ಹಾಕಿ ಮುಚ್ಚಿದ್ದೆ, ಸಂಜೆಗೆ ಮೇಲ್ಭಾಗ ಒದ್ದೆಯಾಗಿ ಬೆರಳಿಗೆ ಅಂಟುತ್ತಿತ್ತು. ಇದೂ ನೀರಿನ ಲೆಕ್ಕವೇ?

ನಿವೃತ್ತ ಗೃಹವಿಜ್ಞಾನ ಶಿಕ್ಷಕಿ, ಚಿತ್ರದುರ್ಗ:

ಹೌದು ತಂಗಿ, ಅದು ಒಳಗಿನ ಆವಿಯೇ ಮುಚ್ಚಳಕ್ಕೆ ತಾಗಿ ಮರಳಿ ಬಿದ್ದ ನೀರು. ಓವನ್ನಿನಿಂದ ತೆಗೆದ ಐದು ನಿಮಿಷಕ್ಕೆ ಅಚ್ಚಿನಿಂದ ಬಿಡಿಸಿ, ಕೆಳಗೂ ಗಾಳಿ ಆಡುವಂತೆ ಜಾಲರಿಯ ಮೇಲಿಟ್ಟು, ಕನಿಷ್ಠ ಒಂದು ಗಂಟೆ ಪೂರ್ತಿ ಆರಿದ ಮೇಲೆ ಡಬ್ಬಿಗೆ ಒಂದು ಕಾಗದ ಹಾಸಿ ತುಂಬಿ. ನಮ್ಮ ಬೇಸಿಗೆಯಲ್ಲಿ ಹಸಿ ಹಣ್ಣಿರುವ ಮಫಿನ್ ಹೊರಗೆ ಒಂದು ದಿನಕ್ಕಿಂತ ಹೆಚ್ಚು ಇಡಬಾರದು, ಫ್ರಿಜ್ಜಿನಲ್ಲಿಟ್ಟರೆ ಮೂರು ದಿನದೊಳಗೆ ಮುಗಿಸಿ, ತಿನ್ನುವ ಮೊದಲು ಸ್ವಲ್ಪ ಬಿಸಿ ಮಾಡಿಕೊಳ್ಳಿ. ಈಗ ಒದ್ದೆಯಾಗಿರುವ ಐದನ್ನು 150 ಡಿಗ್ರಿಯಲ್ಲಿ ಐದಾರು ನಿಮಿಷ ಇಟ್ಟರೆ ಮೇಲ್ಭಾಗ ಮತ್ತೆ ಒಣಗುತ್ತದೆ.