ಮೂರು ತಿಂಗಳ ಸಂಬಳ ಬಾಕಿ, ಕ್ಲಬ್ ಬಿಡಬಹುದಾ?

ಪ್ರಶ್ನೆ: ಹೊರದೇಶದ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಡುತ್ತಿದ್ದೇನೆ. ಮೂರು ತಿಂಗಳಿಂದ ಸಂಬಳ ಇಲ್ಲ. ಕೇಳಿದರೆ ಮ್ಯಾನೇಜರ್ ವಾಟ್ಸಾಪ್‌ನಲ್ಲಿ ‘ಮುಂದಿನ ವಾರ’ ಅಂತಾರೆ, ಜೊತೆಗೊಂದು ಕೈಮುಗಿದ ಇಮೋಜಿ. ಬಿಟ್ಟು ಹೋದರೆ ತಪ್ಪು ನನ್ನ ಮೇಲೇ ಬರುತ್ತಾ?

ಉತ್ತರ 1: ಸುಮ್ನೆ ಎದ್ದು ಹೋಗಬೇಡಿ! ನಾನು ಕೋಪದಲ್ಲಿ ಬ್ಯಾಗ್ ಹೊತ್ತು ಹೊರಟೆ, ಕ್ಲಬ್ ನನ್ನ ಮೇಲೇ ಕೇಸ್ ಹಾಕಿತು. ಫಿಫಾ (ಜಾಗತಿಕ ಫುಟ್‌ಬಾಲ್ ಸಂಸ್ಥೆ) ನಿಯಮದ ‘14 ಬಿಸ್’ ಅನ್ನೋ ವಿಧಿ ಓದಿ. ಎರಡು ತಿಂಗಳ ಸಂಬಳ ಬಾಕಿ ಇದ್ದರೆ ಬರವಣಿಗೆಯಲ್ಲಿ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಗಡುವು ಕೊಡಬೇಕು. ಆಗಲೂ ದುಡ್ಡು ಬರಲಿಲ್ಲ ಅಂದ್ರೆ ಕರಾರು ಮುರಿಯಬಹುದು.

ಉತ್ತರ 2: ವಾಟ್ಸಾಪ್ ಮಾತು ಅಳಿಸಬೇಡಿ. ದೂರನ್ನು ಎರಡು ವರ್ಷದೊಳಗೆ ಫಿಫಾದ ವಿವಾದ ಪರಿಹಾರ ಚೇಂಬರ್‌ಗೆ ಕೊಡಬೇಕು. ಕರಾರಿನಲ್ಲಿ ಬೇರೆ ಮಧ್ಯಸ್ಥಿಕೆ ಮಂಡಳಿಯ ಹೆಸರಿದೆಯಾ, ಮೊದಲು ನೋಡಿ.

ಪ್ರಶ್ನೆ ಕೇಳಿದವರು: ನೋಟಿಸ್ ಇಮೇಲ್ ಮಾಡಿದೆ. ಎರಡೇ ಗಂಟೆಯಲ್ಲಿ ಮ್ಯಾನೇಜರ್ ಫೋನ್! ಈ ಸಲ ಇಮೋಜಿ ಇಲ್ಲ.